ಆಲ್ಫಾ ಕಪ್ಪಾ ಆಲ್ಫಾ: ಒಂದು ಸೋದರಿ ಸಂಘದ ಸ್ಥಾಪನಾದರ್ಶ ಮತ್ತು ಸಮಾಜಸೇವೆ

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ ನಗರದ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ 1908ರ ಜನವರಿ 15ರಂದು ಒಂಬತ್ತು ಮಂದಿ ವಿದ್ಯಾರ್ಥಿನಿಯರು ಕೂಡಿ ಕಟ್ಟಿಕೊಂಡ ‘ಆಲ್ಫಾ ಕಪ್ಪಾ ಆಲ್ಫಾ’ ಎಂಬ ಸಂಘವು ಕಪ್ಪು ಜನಾಂಗದ ಕಾಲೇಜು ಮಹಿಳೆಯರು ಸ್ಥಾಪಿಸಿದ ಮೊಟ್ಟಮೊದಲ ಸೊರಾರಿಟಿಯಾಗಿದೆ. ಸೊರಾರಿಟಿ ಎಂದರೆ ಸೋದರಿಯರ ಸಂಘ. ಗ್ರೀಕ್ ವರ್ಣಮಾಲೆಯ ಎರಡು ಮೂರು ಅಕ್ಷರಗಳನ್ನು ಜೋಡಿಸಿ ಹೆಸರಿಟ್ಟುಕೊಂಡು, ತಮ್ಮದೇ ಬಣ್ಣ, ಲಾಂಛನ, ಗುಟ್ಟಿನ ದೀಕ್ಷಾವಿಧಿಗಳನ್ನು ಇರಿಸಿಕೊಳ್ಳುವ ಇಂತಹ ಸಂಘಗಳು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಾಲೇಜು ಬದುಕಿನ ಒಂದು ವಿಶಿಷ್ಟ ಅಂಗವಾಗಿ ಬೆಳೆದಿದ್ದವು. ಭಾರತದ ಕಾಲೇಜುಗಳಲ್ಲಿ ಇವುಗಳಿಗೆ ನೇರವಾದ ಸಾಟಿ ಇಲ್ಲ. ವಿದ್ಯಾರ್ಥಿ ಸಂಘವೆಂದರೆ ಕಾಲೇಜು ಬಿಟ್ಟೊಡನೆ ಮುಗಿಯುವ ಸದಸ್ಯತ್ವ. ಸೊರಾರಿಟಿಯದಾದರೋ ಬದುಕಿನುದ್ದಕ್ಕೂ ನಿಲ್ಲುವ ಸಂಬಂಧ. ಈ ಕೊನೆಯ ಅಂಶವೇ ಮುಂದಿನ ಚರ್ಚೆಗೆ ಮುಖ್ಯವಾದುದು. ಏಕೆಂದರೆ ಈ ಸಂಘದ ಸೇವಾಕಾರ್ಯಗಳನ್ನು ನಡೆಸಿದವರು ಬಹುಮಟ್ಟಿಗೆ ಕಾಲೇಜು ಮುಗಿಸಿ ಉದ್ಯೋಗದಲ್ಲಿದ್ದ ಶಿಕ್ಷಕಿಯರು, ದಾದಿಯರು ಮತ್ತು ವೈದ್ಯೆಯರು.

ಸಂಘದ ಬಗೆಗೆ ಎರಡು ಬಗೆಯ ಬರಹಗಳು ದೊರೆಯುತ್ತವೆ. ಒಂದು, ಸಂಘದವರೇ ತಮ್ಮ ಹಿರಿಯರ ಗುಣಗಾನ ಮಾಡಿ ಬರೆದವು. ಇನ್ನೊಂದು, ಈ ಸಂಘಗಳನ್ನೆಲ್ಲ ಉಳ್ಳವರ ಮೋಜಿನ ಕೂಟಗಳೆಂದು ತಳ್ಳಿಹಾಕಿದವು. ಇವೆರಡರ ನಡುವೆ ಸತ್ಯವನ್ನು ಅರಸುವುದಕ್ಕೆ ಸಂಘದ ಘೋಷಣೆಗಳಿಗಿಂತ ಅದರ ಕೆಲಸಗಳನ್ನು ನೋಡುವುದು ಲೇಸು. ಅಂತಹ ಕೆಲಸಗಳಲ್ಲಿ 1935ರಿಂದ 1942ರವರೆಗೆ ಮಿಸಿಸಿಪಿ ರಾಜ್ಯದ ಹಳ್ಳಿಗಳಲ್ಲಿ ನಡೆದ ಆರೋಗ್ಯ ಯೋಜನೆಯು ಎಲ್ಲಕ್ಕಿಂತ ಹಿರಿದಾದುದು. ಅದನ್ನು ಅರಿಯುವ ಮುನ್ನ ಸ್ಥಾಪನೆಯ ಹಿನ್ನೆಲೆಯನ್ನು ಗಮನಿಸಬೇಕು.

ಸ್ಥಾಪನೆಯ ಹಿನ್ನೆಲೆ

ಗುಲಾಮಗಿರಿಯು 1865ರಲ್ಲಿ ಕಾನೂನಿನಿಂದ ಕೊನೆಗೊಂಡಿತು. ಎರಡು ವರ್ಷಗಳ ತರುವಾಯ, 1867ರಲ್ಲಿ, ಹೊವರ್ಡ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ವಿಮೋಚನೆ ಪಡೆದವರ ಪುನರ್ವಸತಿಗಾಗಿ ಸರ್ಕಾರ ತೆರೆದಿದ್ದ ಇಲಾಖೆಯ ಮುಖ್ಯಸ್ಥ ಜನರಲ್ ಆಲಿವರ್ ಓಟಿಸ್ ಹೊವರ್ಡನ ಹೆಸರನ್ನು ಅದಕ್ಕೆ ಇಡಲಾಯಿತು. ಆದರೆ ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ವಿಮೋಚನೆಯ ಹುರುಪು ಬಹುಪಾಲು ಇಂಗಿಹೋಗಿತ್ತು. 1896ರಲ್ಲಿ ‘ಪ್ಲೆಸ್ಸಿ’ ಮೊಕದ್ದಮೆಯ ತೀರ್ಪಿನ ಮೂಲಕ ಸರ್ವೋಚ್ಚ ನ್ಯಾಯಾಲಯವೇ ವರ್ಣಭೇದದ ಪ್ರತ್ಯೇಕತೆಗೆ ಒಪ್ಪಿಗೆಯ ಮುದ್ರೆ ಒತ್ತಿತು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಕಪ್ಪು ಜನರ ಮತದಾನದ ಹಕ್ಕನ್ನು ಕಿತ್ತುಕೊಂಡವು. ಸಂಘ ಸ್ಥಾಪನೆಯಾದ 1908ರಲ್ಲಿಯೇ, ಅಬ್ರಹಾಂ ಲಿಂಕನ್ನನ ಊರಾದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಕಪ್ಪು ಜನರ ಮೇಲೆ ಗುಂಪುದಾಳಿ ನಡೆಯಿತು.

ಇದಕ್ಕೆ ಪ್ರತಿಯಾಗಿ ಕಪ್ಪು ಮಹಿಳೆಯರಲ್ಲಿ ಸಂಘಟನೆಯ ಪ್ರಯತ್ನಗಳು ಆಗಲೇ ಆರಂಭವಾಗಿದ್ದವು. 1896ರಲ್ಲಿ ಮೇರಿ ಚರ್ಚ್ ಟೆರೆಲ್ ಅವರ ಅಧ್ಯಕ್ಷತೆಯಲ್ಲಿ ರೂಪುಗೊಂಡ ವರ್ಣೀಯ ಮಹಿಳೆಯರ ರಾಷ್ಟ್ರೀಯ ಒಕ್ಕೂಟವು, ತಾನು ಮೇಲೇರುವಾಗ ಕೆಳಗಿದ್ದವರ ಕೈಹಿಡಿದು ಎತ್ತಬೇಕೆಂಬುದನ್ನೇ ತನ್ನ ಧ್ಯೇಯವಾಗಿ ಸಾರಿತ್ತು. 1903ರಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರು ಜನಾಂಗದ ‘ಪ್ರತಿಭಾವಂತ ಹತ್ತನೆಯ ಒಂದು ಪಾಲು’ ಉಳಿದವರನ್ನು ಮುನ್ನಡೆಸಬೇಕೆಂಬ ತಮ್ಮ ಹೆಸರಾಂತ ವಾದವನ್ನು ಮಂಡಿಸಿದ್ದರು. ಹೊವರ್ಡಿನ ವಿದ್ಯಾರ್ಥಿನಿಯರು ಈ ವಾತಾವರಣದಲ್ಲಿ ಬೆಳೆದವರು. ಅವರ ಆದರ್ಶಗಳಲ್ಲಿ ಕಾಣುವ ಉದಾತ್ತತೆಗೂ, ಅವರ ನಡವಳಿಕೆಯಲ್ಲಿ ಕೆಲವೊಮ್ಮೆ ಇಣುಕುವ ಮೇಲರಿಮೆಗೂ ಬೇರು ಇಲ್ಲಿಯೇ ಇದೆ.

ಸಂಘದ ಕಲ್ಪನೆ ಮೊದಲು ಮೂಡಿದ್ದು ಸೇಂಟ್ ಲೂಯಿಸ್ ನಗರದಿಂದ ಬಂದಿದ್ದ ಎಥೆಲ್ ಹೆಜ್‌ಮನ್ ಅವರ ಮನಸ್ಸಿನಲ್ಲಿ. ಹೊವರ್ಡಿನ ಅಧ್ಯಾಪಕಿ ಎಥೆಲ್ ಟ್ರಿಮೇನ್ ರಾಬಿನ್‌ಸನ್ ಎಂಬುವರು ಬ್ರೌನ್ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಿನಲ್ಲಿ ತಾವು ಕಂಡ ಸೋದರಿ ಸಂಘದ ಜೀವನವನ್ನು ಬಣ್ಣಿಸಿದ್ದು ಅವರಿಗೆ ಪ್ರೇರಣೆಯಾಯಿತು. 1906ರಲ್ಲಿ ಕಾರ್ನೆಲ್‌ನಲ್ಲಿ ಹುಟ್ಟಿದ್ದ ಕಪ್ಪು ವಿದ್ಯಾರ್ಥಿಗಳ ‘ಆಲ್ಫಾ ಫೈ ಆಲ್ಫಾ’ ಎಂಬ ಸಹೋದರ ಸಂಘವು ಮರುವರ್ಷವೇ ಹೊವರ್ಡಿನಲ್ಲಿ ಶಾಖೆ ತೆರೆದಿತ್ತು. ಹುಡುಗರಿಗೆ ಇರುವುದು ಹುಡುಗಿಯರಿಗೆ ಏಕಿರಬಾರದು ಎಂಬ ಸರಳವಾದ ಪ್ರಶ್ನೆಯೂ ಇದರ ಹಿಂದೆ ಇದ್ದೀತು. ಹೆಜ್‌ಮನ್ ಅವರೊಂದಿಗೆ ಕೈಜೋಡಿಸಿದವರಲ್ಲಿ ಬ್ಯೂಲಾ ಮತ್ತು ಲಿಲ್ಲಿ ಬರ್ಕ್ ಎಂಬ ಅಕ್ಕತಂಗಿಯರು, ಆನಾ ಈಸ್ಟರ್ ಬ್ರೌನ್, ಮಾರ್ಜರಿ ಹಿಲ್, ಮಾರ್ಗರೆಟ್ ಫ್ಲ್ಯಾಗ್, ಲವೀನಿಯ ನಾರ್ಮನ್, ಮೇರಿ ವುಲ್‌ಫೋಕ್ ಮತ್ತು ಲೂಸಿ ಸ್ಲೋ ಸೇರಿದ್ದರು. ಸಭೆಗಳು ನಡೆದದ್ದು ವಿದ್ಯಾರ್ಥಿನಿಯರ ವಸತಿಗೃಹವಾದ ಮೈನರ್ ಹಾಲ್‌ನಲ್ಲಿ. ಕೆಲವೇ ದಿನಗಳಲ್ಲಿ ಕೆಳಗಿನ ತರಗತಿಯ ಏಳು ಮಂದಿಯನ್ನು ದೀಕ್ಷಾವಿಧಿಯಿಲ್ಲದೆ ಸೇರಿಸಿಕೊಳ್ಳಲಾಯಿತು. ಹಿರಿಯರು ಪದವಿ ಪಡೆದು ಹೊರಟುಹೋದರೂ ಸಂಘ ಉಳಿಯಬೇಕೆಂಬ ಮುಂದಾಲೋಚನೆ ಇದರಲ್ಲಿತ್ತು. ನಸುಗೆಂಪು ಮತ್ತು ತಿಳಿಹಸಿರು ಸಂಘದ ಬಣ್ಣಗಳಾದವು, ಐವಿ ಬಳ್ಳಿಯ ಎಲೆ ಅದರ ಲಾಂಛನವಾಯಿತು. ಸಂಸ್ಕೃತಿ ಮತ್ತು ಯೋಗ್ಯತೆ ಎಂಬ ಎರಡು ಮಾತುಗಳಲ್ಲಿ ಅದರ ಧ್ಯೇಯವಾಕ್ಯ ಅಡಗಿದೆ.

ಆರಂಭದ ಆದರ್ಶಗಳು ಹೆಚ್ಚಾಗಿ ಒಳಮುಖವಾಗಿದ್ದವು: ಓದಿನಲ್ಲಿ ಮತ್ತು ನಡತೆಯಲ್ಲಿ ಉನ್ನತ ಮಟ್ಟ, ಕಾಲೇಜು ಮಹಿಳೆಯರಲ್ಲಿ ಒಗ್ಗಟ್ಟು ಹಾಗೂ ಸ್ನೇಹ. ಹೆಣ್ಣುಮಕ್ಕಳ ಸಮಸ್ಯೆಗಳ ನಿವಾರಣೆ, ಕಾಲೇಜು ಬದುಕಿನಲ್ಲಿ ಆಸಕ್ತಿಯನ್ನು ಮುಂದೆಯೂ ಕಾಯ್ದುಕೊಳ್ಳುವುದು ಮತ್ತು ಸಕಲ ಮಾನವರ ಸೇವೆ ಎಂಬ ಗುರಿಗಳು ಅವುಗಳ ಜೊತೆ ಸೇರಿ ಈಗ ಸಂಘವು ಉದ್ಧರಿಸುವ ಐದು ಉದ್ದೇಶಗಳಾಗಿವೆ. ಒಳಮುಖವೆಂದ ಮಾತ್ರಕ್ಕೆ ಅವುಗಳನ್ನು ಹಗುರವಾಗಿ ಕಾಣುವಂತಿಲ್ಲ. ಕಪ್ಪು ಹೆಣ್ಣಿಗೆ ಉನ್ನತ ಶಿಕ್ಷಣವೇ ಬೇಡವೆಂದು ಬಿಳಿಯರ ಸಮಾಜವೂ, ಬೇಕಿದ್ದರೆ ಅಡುಗೆ ಹೊಲಿಗೆ ಕಲಿಯಲೆಂದು ತಮ್ಮವರಲ್ಲೇ ಅನೇಕರೂ ಹೇಳುತ್ತಿದ್ದ ಕಾಲದಲ್ಲಿ, ನಾವು ವಿದ್ವತ್ತಿಗೆ ಅರ್ಹರು ಎಂದು ಹದಿನಾರು ಹುಡುಗಿಯರು ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ.

1912-13ರ ಒಡಕು

ಸ್ಥಾಪನೆಯಾಗಿ ಐದು ವರ್ಷ ತುಂಬುವ ಮೊದಲೇ ಸಂಘ ಇಬ್ಭಾಗವಾಯಿತು. 1912ರ ವೇಳೆಗೆ ಹೊವರ್ಡಿನಲ್ಲಿದ್ದ ಇಪ್ಪತ್ತೆರಡು ಸದಸ್ಯೆಯರು, ಅಧ್ಯಕ್ಷೆ ಮೈರಾ ಡೇವಿಸ್ ಅವರ ನೇತೃತ್ವದಲ್ಲಿ, ಸಂಘದ ಹೆಸರು, ಬಣ್ಣ, ಲಾಂಛನಗಳನ್ನು ಬದಲಿಸಿ ಹೊಸ ಸಂಸ್ಥೆಯನ್ನು ರೂಪಿಸಲು ನಿರ್ಧರಿಸಿದರು. ಹಳೆಯ ಹೆಸರು ಹುಡುಗರ ಸಂಘದ ಹೆಸರಿನ ನೆರಳಿನಂತಿದೆ, ಅದಕ್ಕೆ ಸ್ವಂತ ಅರ್ಥವಿಲ್ಲ ಎಂಬುದು ಒಂದು ಆಕ್ಷೇಪಣೆ. ಸಂಘವು ಕಾಲೇಜಿನ ಆವರಣ ದಾಟಿ ಸಾರ್ವಜನಿಕ ಪ್ರಶ್ನೆಗಳಿಗೆ, ಮುಖ್ಯವಾಗಿ ಮಹಿಳೆಯರ ಮತದಾನದ ಹಕ್ಕಿಗೆ, ತೆರೆದುಕೊಳ್ಳಬೇಕೆಂಬುದು ಇನ್ನೊಂದು. ಅದೇ ವರ್ಷ ಪದವಿ ಪಡೆದು ವಾಷಿಂಗ್ಟನ್ನಿನಲ್ಲಿ ಶಿಕ್ಷಕಿಯಾಗಿದ್ದ ನೆಲ್ಲಿ ಕ್ವಾಂಡರ್ ಇದನ್ನು ಒಪ್ಪಲಿಲ್ಲ. ಇಪ್ಪತ್ತೆರಡು ಮಂದಿ 1913ರ ಜನವರಿ 13ರಂದು ‘ಡೆಲ್ಟಾ ಸಿಗ್ಮಾ ಥೀಟಾ’ ಎಂಬ ಪ್ರತ್ಯೇಕ ಸಂಘ ಸ್ಥಾಪಿಸಿದರು. ಕ್ವಾಂಡರ್ ಅವರು ಹಳೆಯ ಸದಸ್ಯೆಯರನ್ನು ಒಗ್ಗೂಡಿಸಿ ಜನವರಿ 29ರಂದು ಮೂಲ ಸಂಘವನ್ನು ಕಾನೂನಿನ ಪ್ರಕಾರ ನೋಂದಾಯಿಸಿದರು. ಹದಿನಾರು ದಿನಗಳ ಅಂತರದಲ್ಲಿ ನಡೆದ ಈ ಎರಡು ಘಟನೆಗಳಿಂದ ಎರಡು ಪ್ರಬಲ ಸಂಸ್ಥೆಗಳು ಹುಟ್ಟಿದವು.

ಈ ಒಡಕನ್ನು ಕುರಿತು ಒಂದು ಸಿದ್ಧ ವಿವರಣೆ ಪ್ರಚಲಿತವಾಗಿದೆ. ಹೊರಟುಹೋದವರು ರಾಜಕೀಯ ಪ್ರಜ್ಞೆಯುಳ್ಳವರು, ಉಳಿದವರು ಸ್ನೇಹಕೂಟಕ್ಕೆ ತೃಪ್ತರಾದವರು ಎಂಬುದು ಅದರ ತಾತ್ಪರ್ಯ. 1913ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ನಡೆದ ಮಹಿಳಾ ಮತದಾನ ಹಕ್ಕಿನ ಬೃಹತ್ ಮೆರವಣಿಗೆಯಲ್ಲಿ ಡೆಲ್ಟಾ ಸದಸ್ಯೆಯರು ನಡೆದದ್ದನ್ನು ಇದಕ್ಕೆ ಸಾಕ್ಷಿಯಾಗಿ ನೀಡಲಾಗುತ್ತದೆ. ಡೆಲ್ಟಾ ಸಂಘದ ಇತಿಹಾಸವನ್ನು 1988ರಲ್ಲಿ ಗ್ರಂಥರೂಪಕ್ಕೆ ತಂದ ಪೌಲಾ ಗಿಡಿಂಗ್ಸ್ ಅವರ ಕೃತಿಯಿಂದ ಈ ಪ್ರಸಂಗ ಹೆಚ್ಚು ಪ್ರಸಿದ್ಧವಾಯಿತು. ಆದರೆ ಮೆರವಣಿಗೆಯ ಸಂಘಟಕಿ ಆಲಿಸ್ ಪಾಲ್ ಅವರಿಗೆ ಅದೇ ಫೆಬ್ರವರಿಯಲ್ಲಿ ಬಂದ ಒಂದು ಪತ್ರವನ್ನು ಇದರ ಪಕ್ಕದಲ್ಲಿರಿಸಿ ನೋಡಬೇಕಾಗುತ್ತದೆ. ಹೊವರ್ಡಿನ ಹೆಣ್ಣುಮಕ್ಕಳು ಮೆರವಣಿಗೆಯಲ್ಲಿ ಭಾಗವಹಿಸಲು ಬಯಸುತ್ತಾರೆ, ಆದರೆ ಜನಾಂಗದ ಕಾರಣಕ್ಕೆ ತಾರತಮ್ಯ ಎದುರಿಸುವಂತಿದ್ದರೆ ಬರಲು ಅವರಿಗೆ ಇಷ್ಟವಿಲ್ಲ, ಕಾಲೇಜು ಮಹಿಳೆಯರ ವಿಭಾಗದಲ್ಲಿ ಯೋಗ್ಯವಾದ ಸ್ಥಾನ ದೊರೆಯಬೇಕು ಎಂಬುದು ಪತ್ರದ ಸಾರ. ಬರೆದವರು ಬೇರಾರೂ ಅಲ್ಲ, ಆಲ್ಫಾ ಕಪ್ಪಾ ಆಲ್ಫಾದ ನೆಲ್ಲಿ ಕ್ವಾಂಡರ್. ದಕ್ಷಿಣದ ಬಿಳಿಯ ಮಹಿಳೆಯರು ಮುನಿಸಿಕೊಂಡಾರೆಂಬ ಅಂಜಿಕೆಯಿಂದ ಸಂಘಟಕರು ಕಪ್ಪು ಮಹಿಳೆಯರನ್ನು ಹಿಂದಿನ ಸಾಲಿಗೆ ಸರಿಸಲು ಯೋಚಿಸುತ್ತಿದ್ದ ಸಂದರ್ಭದಲ್ಲಿ ಬಂದ ಈ ಪತ್ರವು, ಹಕ್ಕು ಬೇಕು, ಆದರೆ ಮಾನವನ್ನು ಒತ್ತೆಯಿಟ್ಟಲ್ಲ ಎಂಬ ನಿಲುವನ್ನು ತೋರಿಸುತ್ತದೆ. ಉಳಿದವರಿಗೆ ರಾಜಕೀಯ ಬೇಕಿರಲಿಲ್ಲ ಎಂಬ ಮಾತು ಈ ಪತ್ರದ ಮುಂದೆ ನಿಲ್ಲಲಾರದು. ಭೇದವಿದ್ದದ್ದು ಸಂಸ್ಥೆಯ ಹೆಸರು ಮತ್ತು ಪರಂಪರೆಯ ವಿಷಯದಲ್ಲಿ, ಜೊತೆಗೆ ಪದವಿ ಪಡೆದವರು ಹಾಗೂ ಪಡೆಯದವರ ಪೈಕಿ ಸಂಘ ಯಾರದ್ದು ಎಂಬ ವಿಷಯದಲ್ಲಿ ಎಂದು ಹೇಳುವುದು ಹೆಚ್ಚು ಸರಿಯಾದೀತು.

ನೋಂದಣಿಯ ಪರಿಣಾಮ ದೂರಗಾಮಿಯಾಯಿತು. ಬೇರೆ ವಿಶ್ವವಿದ್ಯಾಲಯಗಳಲ್ಲಿ ಶಾಖೆ ತೆರೆಯುವ ಅಧಿಕಾರ ಸಂಘಕ್ಕೆ ದೊರೆಯಿತು. 1913ರಲ್ಲಿಯೇ ಶಿಕಾಗೊದಲ್ಲಿ, ಮರುವರ್ಷ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶಾಖೆಗಳು ಆರಂಭವಾದವು. 1921ರಲ್ಲಿ ‘ಐವಿ ಲೀಫ್’ ಎಂಬ ಪತ್ರಿಕೆ ಹೊರಬಂದಿತು. ಹೊವರ್ಡಿನಲ್ಲಿ 1920ರಲ್ಲಿ ಝೀಟಾ ಫೈ ಬೀಟಾ, ಇಂಡಿಯಾನಾಪೊಲಿಸ್‌ನಲ್ಲಿ 1922ರಲ್ಲಿ ಸಿಗ್ಮಾ ಗಾಮಾ ರೋ ಎಂಬ ಸೋದರಿ ಸಂಘಗಳೂ ಹುಟ್ಟಿಕೊಂಡವು.

ಸ್ಥಾಪಕಿಯರ ಪೈಕಿ ಲೂಸಿ ಡಿಗ್ಸ್ ಸ್ಲೋ ಅವರ ಬದುಕನ್ನು ಪ್ರತ್ಯೇಕವಾಗಿ ನೆನೆಯಬೇಕು. ಸಂಘದ ಮೊದಲ ನಿಬಂಧನೆಗಳನ್ನು ರೂಪಿಸುವಲ್ಲಿ ಅವರ ಪಾತ್ರ ದೊಡ್ಡದು. 1917ರಲ್ಲಿ ಬಾಲ್ಟಿಮೋರ್‌ನಲ್ಲಿ ನಡೆದ ಕಪ್ಪು ಆಟಗಾರರ ರಾಷ್ಟ್ರೀಯ ಟೆನಿಸ್ ಪಂದ್ಯಾವಳಿಯನ್ನು ಗೆದ್ದು, ಯಾವುದೇ ಕ್ರೀಡೆಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆಯಾದರು. 1922ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದ ಮಹಿಳಾ ವಿಭಾಗದ ಮೊದಲ ಡೀನ್ ಆಗಿ ನೇಮಕಗೊಂಡು 1937ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲಿದ್ದರು. ಡೀನ್ ಎಂದರೆ ಹುಡುಗಿಯರನ್ನು ಕಾವಲು ಕಾಯುವ ವಾರ್ಡನ್ ಅಲ್ಲ, ಶಿಕ್ಷಣದ ನೀತಿಯನ್ನು ರೂಪಿಸುವ ವಿದ್ವಾಂಸೆ ಎಂಬುದು ಅವರ ಪಟ್ಟು. ಇದೇ ಕಾರಣಕ್ಕೆ ವಿಶ್ವವಿದ್ಯಾಲಯದ ಅಧ್ಯಕ್ಷ ಮೊರ್ಡಕಾಯ್ ಜಾನ್‌ಸನ್ ಅವರೊಡನೆ ಕೊನೆಯವರೆಗೂ ತಿಕ್ಕಾಟ ನಡೆಯಿತು. 1908ರಲ್ಲಿ ಬರೆದ ಆದರ್ಶಗಳನ್ನು ಒಬ್ಬ ವ್ಯಕ್ತಿ ತನ್ನ ವೃತ್ತಿಯಲ್ಲಿ ಹೇಗೆ ಬದುಕಿದರೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗದು.

ಮಿಸಿಸಿಪಿ ಆರೋಗ್ಯ ಯೋಜನೆ

1929ರ ಆರ್ಥಿಕ ಕುಸಿತದ ನಂತರದ ವರ್ಷಗಳಲ್ಲಿ ಸಂಘದ ರಾಷ್ಟ್ರೀಯ ಅಧ್ಯಕ್ಷೆಯಾದವರು ಐಡಾ ಲೂಯಿಸ್ ಜ್ಯಾಕ್ಸನ್. ಮಿಸಿಸಿಪಿಯ ವಿಕ್ಸ್‌ಬರ್ಗ್‌ನಲ್ಲಿ 1902ರಲ್ಲಿ ಜನಿಸಿದ ಅವರು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರ್ಕ್ಲಿಯಲ್ಲಿ ಓದಿ, ಓಕ್‌ಲ್ಯಾಂಡ್ ನಗರದ ಸರ್ಕಾರಿ ಶಾಲೆಗಳ ಮೊದಲ ಕಪ್ಪು ಶಿಕ್ಷಕಿಯಾಗಿದ್ದರು. ಹುಟ್ಟಿದ ನಾಡಿನ ಹಳ್ಳಿಶಾಲೆಗಳ ದುಸ್ಥಿತಿ ಅವರನ್ನು ಕಾಡುತ್ತಿತ್ತು. 1934ರ ಬೇಸಿಗೆಯಲ್ಲಿ ಮಿಸಿಸಿಪಿಯ ಹೋಮ್ಸ್ ಕೌಂಟಿಯ ಲೆಕ್ಸಿಂಗ್‌ಟನ್ ಪಟ್ಟಣದಲ್ಲಿ ಗ್ರಾಮೀಣ ಶಿಕ್ಷಕರಿಗಾಗಿ ಸಂಘದಿಂದ ಬೇಸಿಗೆ ಶಾಲೆಯೊಂದನ್ನು ನಡೆಸಿದರು. ಅರೀನಿಯಾ ಮ್ಯಾಲರಿ ಅವರು ಮುಖ್ಯೋಪಾಧ್ಯಾಯಿನಿಯಾಗಿದ್ದ ಸೇಂಟ್ಸ್ ಇಂಡಸ್ಟ್ರಿಯಲ್ ಶಾಲೆ ಇದಕ್ಕೆ ನೆಲೆ ಒದಗಿಸಿತು. ಅಲ್ಲಿ ಕಂಡದ್ದು ಅವರ ಯೋಜನೆಯ ದಿಕ್ಕನ್ನೇ ಬದಲಿಸಿತು. ಹೊಟ್ಟೆಗಿಲ್ಲದ, ಮೈಯಲ್ಲಿ ಕಾಯಿಲೆ ತುಂಬಿಕೊಂಡ ಮಕ್ಕಳಿಗೆ ಪಾಠ ಹೇಳುವುದಾದರೂ ಹೇಗೆ? ಮರುವರ್ಷದಿಂದ ಆರೋಗ್ಯ ಸೇವೆಯನ್ನು ಕೈಗೊಳ್ಳುವುದೆಂದು ನಿರ್ಧಾರವಾಯಿತು.

ಅದರ ನಿರ್ದೇಶಕಿಯಾಗಿ ಬಂದವರು ಡಾ. ಡೊರೊತಿ ಬೋಲ್ಡಿಂಗ್ ಫೆರಬೀ. 1898ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಜನಿಸಿದ ಅವರು ಟಫ್ಟ್ಸ್ ವಿಶ್ವವಿದ್ಯಾಲಯದಿಂದ 1924ರಲ್ಲಿ ವೈದ್ಯಕೀಯ ಪದವಿ ಪಡೆದರೂ, ಬಿಳಿಯರ ಆಸ್ಪತ್ರೆಗಳಲ್ಲಿ ತರಬೇತಿಗೆ ಅವಕಾಶ ದೊರೆಯದೆ ವಾಷಿಂಗ್ಟನ್ನಿನ ಫ್ರೀಡ್‌ಮೆನ್ಸ್ ಆಸ್ಪತ್ರೆಗೆ ಬಂದರು. 1929ರಲ್ಲಿ, ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳಲೆಂದು, ಆಗ್ನೇಯ ವಾಷಿಂಗ್ಟನ್ನಿನಲ್ಲಿ ಸಮಾಜಸೇವಾ ಕೇಂದ್ರವೊಂದನ್ನು ಸ್ಥಾಪಿಸಿದ್ದರು. ಅಂದರೆ ಮಿಸಿಸಿಪಿಗೆ ಹೊರಟಾಗ ಅವರಿಗೆ ಸೇವೆಯ ಅನುಭವವಿತ್ತು. ದಕ್ಷಿಣದ ಹತ್ತಿ ಸೀಮೆಯ ಅನುಭವವಿರಲಿಲ್ಲ.

ಆ ಸೀಮೆಯ ಬೇಸಾಯದ ಸ್ವರೂಪವನ್ನು ಇಲ್ಲಿ ಹೇಳಬೇಕು. ಗುಲಾಮಗಿರಿ ಹೋದ ಮೇಲೂ ಭೂಮಿ ಹಳೆಯ ಒಡೆಯರ ಕೈಯಲ್ಲೇ ಉಳಿದಿತ್ತು. ಕಪ್ಪು ಕುಟುಂಬಗಳು ಆ ಭೂಮಿಯನ್ನು ಪಾಲಿಗೆ ಮಾಡುತ್ತಿದ್ದವು. ಕರ್ನಾಟಕದ ಹಳ್ಳಿಗಳ ಕೋರು ಪದ್ಧತಿಯನ್ನು ಬಲ್ಲವರಿಗೆ ಇದು ಪರಿಚಿತವೆನಿಸಬಹುದು, ಆದರೆ ಒಂದು ವ್ಯತ್ಯಾಸವುಂಟು. ಬೀಜ, ಉಪಕರಣ, ಊಟದ ಸಾಮಾನು ಎಲ್ಲವನ್ನೂ ಒಡೆಯನ ಅಂಗಡಿಯಿಂದಲೇ ಸಾಲ ತರಬೇಕಿತ್ತು. ಲೆಕ್ಕದ ಪುಸ್ತಕ ಅವನದೇ. ವರ್ಷದ ಕೊನೆಗೆ ಸಾಲ ತೀರುವುದು ಅಪರೂಪ. ಗುಡಿಸಲಿನ ಬಾಗಿಲವರೆಗೂ ಹತ್ತಿಯನ್ನೇ ಬಿತ್ತಬೇಕಾದುದರಿಂದ ಕಾಯಿಪಲ್ಲೆ ಬೆಳೆಯಲು ಜಾಗವಿರಲಿಲ್ಲ. ಮುಸುಕಿನ ಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ ಇವೇ ಬಹುಪಾಲು ಆಹಾರ. ಈ ಆಹಾರದಿಂದ ಬರುವ ಪೆಲಾಗ್ರ, ಜೊತೆಗೆ ಮಲೇರಿಯ ಮತ್ತು ಸಿಫಿಲಿಸ್ ರೋಗಗಳು ವ್ಯಾಪಕವಾಗಿದ್ದವು. ಹೆರಿಗೆಗೆ ಸೂಲಗಿತ್ತಿಯರೇ ಗತಿ.

ಪ್ರಯಾಣವೇ ಮೊದಲ ಅಡ್ಡಿಯಾಯಿತು. ದಕ್ಷಿಣಕ್ಕೆ ಹೋಗುವ ರೈಲಿನಲ್ಲಿ ಈ ಮಹಿಳೆಯರಿಗೆ ಮರ್ಯಾದೆಯ ಸ್ಥಳ ದೊರೆಯುವಂತಿರಲಿಲ್ಲ. ಆದ್ದರಿಂದ ತಮ್ಮ ತಮ್ಮ ಸ್ವಂತ ಕಾರುಗಳಲ್ಲೇ ಹೊರಟರು. ಹೋಟೆಲುಗಳೂ ಅವರಿಗೆ ಮುಚ್ಚಿದ್ದ ಕಾಲವದು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರಿಗೂ 1941ರಲ್ಲಿ ಅಮೆರಿಕದ ದಕ್ಷಿಣ ಸೀಮೆಯ ರೈಲಿನಲ್ಲಿ ಇದೇ ಕಟ್ಟಳೆ ಎದುರಾಗಿತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಬಿಳಿಯರ ಡಬ್ಬಿಯಿಂದ ಎದ್ದು ಹೋಗುವಂತೆ ಟಿಕೆಟ್ ಪರೀಕ್ಷಕ ಹೇಳಿದಾಗ, ತಾವು ವರ್ಣೀಯ ಮಹಿಳೆಯೆಂದೂ ಜಾಗ ಬಿಟ್ಟು ಕದಲುವುದಿಲ್ಲವೆಂದೂ ತಿಳಿಸಿ ಅವರು ಅಲ್ಲಿಯೇ ಕುಳಿತರು. ವಿದೇಶಿ ಅತಿಥಿಗೆ ಆ ಪ್ರತಿಭಟನೆ ಸಾಧ್ಯವಾಯಿತು. ಲಸಿಕೆಯ ಪೆಟ್ಟಿಗೆ ಹೊತ್ತು ಅದೇ ನಾಡಿನ ಅಧಿಕಾರಿಗಳ ಸಹಕಾರ ಬೇಡಬೇಕಿದ್ದ ಫೆರಬೀ ಅವರ ತಂಡಕ್ಕೆ ಸಾಧ್ಯವಿರಲಿಲ್ಲ.

1935ರ ಬೇಸಿಗೆಯಲ್ಲಿ ತಂಡ ಹೋಮ್ಸ್ ಕೌಂಟಿ ತಲುಪಿದಾಗ, ಗೊತ್ತುಪಡಿಸಿದ ಕೆಲವು ಸ್ಥಳಗಳಲ್ಲಿ ಚಿಕಿತ್ಸಾಲಯ ತೆರೆದು ಜನರನ್ನು ಅಲ್ಲಿಗೆ ಕರೆಸುವ ಯೋಜನೆಯಿತ್ತು. ಜಮೀನುದಾರರು ಸಂಶಯದಿಂದ ಅದಕ್ಕೆ ಅಡ್ಡಬಂದರು. ಆ ವರ್ಷಗಳಲ್ಲಿ ಪಕ್ಕದ ಆರ್ಕನ್ಸಾದಲ್ಲಿ ಪಾಲುಗಾರರ ಸಂಘವೊಂದು ತಲೆಯೆತ್ತಿತ್ತು. ಉತ್ತರದಿಂದ ಬಂದ ವಿದ್ಯಾವಂತ ಕಪ್ಪು ಹೆಂಗಸರು ಸೂಜಿಮದ್ದಿನ ನೆಪದಲ್ಲಿ ಕೂಲಿಯವರ ತಲೆ ಕೆಡಿಸಲು ಬಂದಿದ್ದಾರೆಂಬ ಭಯ ಒಡೆಯರಲ್ಲಿ ಇದ್ದುದು ಸಹಜ. ಪಾಲುಗಾರರು ಹೊಲ ಬಿಟ್ಟು ಹೋಗುವಂತಿಲ್ಲವೆಂದು ಅಪ್ಪಣೆಯಾಯಿತು. ಆಗ ಫೆರಬೀ ಅವರು ಯೋಜನೆಯನ್ನು ತಲೆಕೆಳಗು ಮಾಡಿದರು. ಜನ ಚಿಕಿತ್ಸಾಲಯಕ್ಕೆ ಬರಲಾಗದಿದ್ದರೆ ಚಿಕಿತ್ಸಾಲಯವೇ ಜನರಲ್ಲಿಗೆ ಹೋಗಲಿ! ತಾವು ಬಂದಿದ್ದ ಕಾರುಗಳಲ್ಲೇ ಔಷಧಿ, ಉಪಕರಣ, ಮಡಿಸುವ ಮೇಜುಗಳನ್ನು ತುಂಬಿಕೊಂಡು ಒಂದು ಜಮೀನಿನಿಂದ ಇನ್ನೊಂದಕ್ಕೆ ಸಾಗಿದರು. ಚರ್ಚು, ಶಾಲೆಯ ಕೊಠಡಿ, ಕೆಲವೊಮ್ಮೆ ಮರದ ನೆರಳು ಚಿಕಿತ್ಸಾಲಯವಾಯಿತು. ಕುದುರೆಯೇರಿ ಬಂದೂಕು ಹಿಡಿದ ಮೇಸ್ತ್ರಿಗಳು ಹತ್ತಿರದಲ್ಲೇ ನಿಂತು ತಮ್ಮ ಒಂದೊಂದು ಮಾತನ್ನೂ ಆಲಿಸುತ್ತಿದ್ದರೆಂದು ಫೆರಬೀ ಮುಂದೆ ನೆನಪಿಸಿಕೊಂಡಿದ್ದಾರೆ. ಅಮೆರಿಕದ ಗ್ರಾಮೀಣ ಭಾಗದಲ್ಲಿ ಸಂಚಾರಿ ಚಿಕಿತ್ಸಾಲಯದ ಆರಂಭದ ಪ್ರಯೋಗಗಳಲ್ಲಿ ಒಂದಾದ ಇದು ಯಾವ ತಜ್ಞರ ಸಮಿತಿಯೂ ಚಿಂತಿಸಿ ರೂಪಿಸಿದ್ದಲ್ಲ, ಜಮೀನುದಾರರ ಹಟಕ್ಕೆ ಹೂಡಿದ ಪ್ರತಿತಂತ್ರ.

ಮಕ್ಕಳಿಗೆ ಸಿಡುಬಿನ ದೇವಿ ಹಾಕುವುದು, ಗಂಟಲಮಾರಿಗೆ ಚುಚ್ಚುಮದ್ದು ಕೊಡುವುದು, ಹಲ್ಲುಗಳ ತಪಾಸಣೆ, ಗರ್ಭಿಣಿಯರ ಪರೀಕ್ಷೆ, ಲೈಂಗಿಕ ರೋಗಗಳ ಚಿಕಿತ್ಸೆ, ಆಹಾರ ಹಾಗೂ ನೈರ್ಮಲ್ಯದ ಬಗೆಗೆ ತಿಳಿವಳಿಕೆ ಇವು ಕೆಲಸದ ಮುಖ್ಯ ಭಾಗಗಳು. ಹಲ್ಲುಜ್ಜುವ ಬ್ರಷ್ಷನ್ನು ಮೊದಲ ಬಾರಿಗೆ ಕಂಡ ಮಕ್ಕಳು ಅಲ್ಲಿದ್ದರು. ಬಟ್ಟೆಗಳನ್ನೂ ಹಂಚಲಾಯಿತು. ಸ್ವಯಂಸೇವಕಿಯರಿಗೆ ಸಂಬಳವಿರಲಿಲ್ಲ, ಬೇಸಿಗೆ ರಜೆಯ ವಾರಗಳನ್ನು ಅವರು ಇದಕ್ಕೆ ಮೀಸಲಿಡುತ್ತಿದ್ದರು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ದೇಶದ ನಾನಾ ಶಾಖೆಗಳ ಸದಸ್ಯೆಯರು ನೀಡಿದ ವಂತಿಗೆಯೇ ಬಂಡವಾಳ. ಮುಂದಿನ ವರ್ಷಗಳಲ್ಲಿ ಕೆಲಸವು ಮಿಸಿಸಿಪಿ ನದೀಬಯಲಿನ ಬೊಲಿವರ್ ಕೌಂಟಿಗೆ, 1887ರಲ್ಲಿ ಕಪ್ಪು ಜನರೇ ಸ್ಥಾಪಿಸಿದ್ದ ಮೌಂಡ್ ಬಾಯೂ ಪಟ್ಟಣಕ್ಕೆ ಹಬ್ಬಿತು. ಏಳೆಂಟು ಬೇಸಿಗೆಗಳಲ್ಲಿ ಸಾವಿರಾರು ಮಕ್ಕಳು ಮತ್ತು ವಯಸ್ಕರು ಇದರ ಪ್ರಯೋಜನ ಪಡೆದರು. 1942ರಲ್ಲಿ ಯೋಜನೆ ನಿಂತದ್ದು ಉತ್ಸಾಹ ಬತ್ತಿದ್ದರಿಂದಲ್ಲ; ಎರಡನೆಯ ಮಹಾಯುದ್ಧದ ನಿಮಿತ್ತ ಪೆಟ್ರೋಲ್ ಮತ್ತು ಟೈರುಗಳಿಗೆ ಪಡಿತರ ಬಂದದ್ದರಿಂದ. ಕಾರುಗಳೇ ಚಿಕಿತ್ಸಾಲಯವಾಗಿದ್ದ ಯೋಜನೆಗೆ ಅದು ಮರಣಶಾಸನವಾಯಿತು.

ಯೋಜನೆಗೆ ಮಿತಿಗಳಿದ್ದವು. ಸೊಪ್ಪು ತರಕಾರಿ ತಿನ್ನಿರೆಂದು ಹೇಳುವುದು ಸುಲಭ, ಬಾಗಿಲವರೆಗೂ ಹತ್ತಿ ಬೆಳೆಯುವಾಗ ಸೊಪ್ಪು ಎಲ್ಲಿಂದ ಬರಬೇಕು? ತಂಡದವರು ಪಾಲುಬೇಸಾಯದ ಬಗೆಗೆ ಬಹಿರಂಗವಾಗಿ ಬಾಯಿ ಬಿಡುವಂತಿರಲಿಲ್ಲ. ಬಿಟ್ಟಿದ್ದರೆ ಮರುದಿನವೇ ಹೊರದೂಡಲ್ಪಡುತ್ತಿದ್ದರು. ರೋಗದ ಮೂಲ ಬಡತನದಲ್ಲಿದೆ, ಬಡತನದ ಮೂಲ ವ್ಯವಸ್ಥೆಯಲ್ಲಿದೆ ಎಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಹೇಳಲಾಗದ ಸತ್ಯವನ್ನು ಬದಿಗಿರಿಸಿ ಮಾಡಬಹುದಾದ ಕೆಲಸವನ್ನು ಮಾಡಿದರು. ಇದನ್ನು ಹೇಡಿತನವೆನ್ನಲು ಬಾರದು.

ಸೇವೆಯಿಂದ ಶಾಸನದೆಡೆಗೆ

ಹಳ್ಳಿಯಲ್ಲಿ ಹೇಳಲಾಗದ್ದನ್ನು ರಾಜಧಾನಿಯಲ್ಲಿ ಹೇಳುವ ಪ್ರಯತ್ನ ಅದೇ ಕಾಲದಲ್ಲಿ ಮೊದಲಾಯಿತು. ಏಳು ಮಂದಿ ಕಿರಿಯ ಸ್ಥಾಪಕಿಯರಲ್ಲಿ ಒಬ್ಬರಾದ ಶಿಕ್ಷಕಿ ನಾರ್ಮಾ ಬಾಯ್ಡ್ ಅವರ ಮುಂದಾಳುತನದಲ್ಲಿ 1938ರಲ್ಲಿ ಸಂಘವು ಪಕ್ಷಾತೀತವಾದ ಶಾಸನ ಪ್ರಚಾರ ಮಂಡಳಿಯೊಂದನ್ನು ವಾಷಿಂಗ್ಟನ್ನಿನಲ್ಲಿ ಸ್ಥಾಪಿಸಿತು. ಕಾಂಗ್ರೆಸ್ಸಿನ ಸಮಿತಿಗಳ ಮುಂದೆ ಸಾಕ್ಷ್ಯ ನುಡಿಯುವುದು, ಮಸೂದೆಗಳ ಮೇಲೆ ಕಣ್ಣಿಡುವುದು, ನಾಡಿನ ಶಾಖೆಗಳಿಗೆ ವರದಿ ಕಳುಹಿಸುವುದು ಅದರ ಕೆಲಸ. ಬಟ್ಟೆ ಒಗೆಯುವ ಲಾಂಡ್ರಿಗಳಲ್ಲಿ ದುಡಿಯುವ ಮಹಿಳೆಯರಿಗೆ ಕನಿಷ್ಠ ವೇತನ, ಬಡವರಿಗೆ ಅಗ್ಗದ ವಸತಿ, ಪೊಲೀಸ್ ದೌರ್ಜನ್ಯದ ತಡೆ ಮುಂತಾದವು ಅದು ಕೈಗೆತ್ತಿಕೊಂಡ ವಿಷಯಗಳಾಗಿದ್ದವು. ಬಾಯ್ಡ್ ಅವರು ವಾಸವಿದ್ದ ವಾಷಿಂಗ್ಟನ್ ನಗರದ ನಿವಾಸಿಗಳಿಗೆ 1961ರ ಸಂವಿಧಾನ ತಿದ್ದುಪಡಿಯವರೆಗೂ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಮತವೇ ಇರಲಿಲ್ಲವೆಂಬುದನ್ನು ನೆನೆದರೆ ಈ ಪ್ರಯತ್ನದ ವಿಚಿತ್ರವೂ ದಿಟ್ಟತನವೂ ಮನವರಿಕೆಯಾಗುತ್ತದೆ. 1948ರಲ್ಲಿ ಈ ಮಂಡಳಿಯನ್ನು ವಿಸರ್ಜಿಸಿ, ಡೆಲ್ಟಾ ಸಂಘವೂ ಸೇರಿದಂತೆ ಇತರ ಗ್ರೀಕ್-ಅಕ್ಷರದ ಸಂಘಗಳೊಡನೆ ಮಾನವ ಹಕ್ಕುಗಳ ಅಮೆರಿಕನ್ ಮಂಡಳಿಯನ್ನು ಕಟ್ಟಲಾಯಿತು. ಅದು 1963ರವರೆಗೆ ನಡೆಯಿತು. 1913ರಲ್ಲಿ ಕಿತ್ತಾಡಿ ಬೇರೆಯಾದವರು ಮೂವತ್ತೈದು ವರ್ಷಗಳ ನಂತರ ಒಂದೇ ಮೇಜಿನ ಸುತ್ತ ಕುಳಿತದ್ದನ್ನು ಎರಡೂ ಸಂಘಗಳ ಚರಿತ್ರಕಾರರು ಇನ್ನಷ್ಟು ವಿಸ್ತಾರವಾಗಿ ಬರೆಯಬಹುದಿತ್ತು.

ಟೀಕೆಗಳೂ ಬಂದವು. ಹೊವರ್ಡಿನಲ್ಲಿಯೇ ಪ್ರಾಧ್ಯಾಪಕರಾಗಿದ್ದ ಸಮಾಜಶಾಸ್ತ್ರಜ್ಞ ಇ. ಫ್ರ್ಯಾಂಕ್ಲಿನ್ ಫ್ರೇಜಿಯರ್ ಅವರು ಕಪ್ಪು ಮಧ್ಯಮವರ್ಗವನ್ನು ಕುರಿತು 1957ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬಗೆಯ ಸಂಘಗಳ ಆಡಂಬರ, ನೃತ್ಯಕೂಟ, ಅಂತಸ್ತಿನ ಗೀಳನ್ನು ಕಟುವಾಗಿ ಖಂಡಿಸಿದರು. ಮೈಬಣ್ಣ ತಿಳಿಯಾದವರಿಗೇ ಮಣೆ ಹಾಕುತ್ತಾರೆಂಬ ದ��ರೂ ದೀರ್ಘಕಾಲ ಕೇಳಿಬಂದಿತು. ಇವು ನಿರಾಧಾರವಾದ ಮಾತುಗಳಲ್ಲ. ಆಯ್ದವರಿಗಷ್ಟೇ ತೆರೆಯುವ ಬಾಗಿಲು, ಗುಟ್ಟಿನ ವಿಧಿ, ಜನ್ಮಾವಧಿಯ ಸದಸ್ಯತ್ವ ಇವೆಲ್ಲ ಅಹಂಕಾರಕ್ಕೂ ಎಡೆಗೊಡುತ್ತವೆ. ಆದರೆ ಅದೇ ಗಟ್ಟಿಬಂಧದ ಸದಸ್ಯತ್ವವಿಲ್ಲದೆ ಹೋಗಿದ್ದರೆ ಸರ್ಕಾರದ ನೆರವಿಲ್ಲದೆ, ದಾನಿಗಳ ಹಂಗಿಲ್ಲದೆ ಏಳೆಂಟು ವರ್ಷ ಮಿಸಿಸಿಪಿಗೆ ತಂಡ ಕಳುಹಿಸುವುದು ಆಗುತ್ತಿರಲಿಲ್ಲ. ಫ್ರೇಜಿಯರ್ ಅವರ ಟೀಕೆಯಲ್ಲಿ ಕಾಣೆಯಾಗಿರುವುದು ಈ ಎರಡನೆಯ ಅಂಶ.

ನಂತರದ ದಶಕಗಳ ಕೆಲಸಗಳನ್ನು ಸಂಕ್ಷೇಪವಾಗಿ ಸೂಚಿಸಿದರೆ ಸಾಕು. 1965ರಲ್ಲಿ, ಫೆಡರಲ್ ಸರ್ಕಾರದ ಬಡತನ ನಿವಾರಣಾ ಕಾರ್ಯಕ್ರಮದ ಅಂಗವಾಗಿ, ಶಾಲೆ ಬಿಟ್ಟ ಯುವತಿಯರಿಗೆ ಉದ್ಯೋಗ ತರಬೇತಿ ನೀಡುವ ಕೇಂದ್ರವೊಂದನ್ನು ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆಸುವ ಹೊಣೆಯನ್ನು ಸಂಘ ವಹಿಸಿಕೊಂಡಿತು. ವಂತಿಗೆಯಿಂದ ನಡೆದ ಸೇವೆಗೂ ಸರ್ಕಾರಿ ಗುತ್ತಿಗೆಯಿಂದ ನಡೆದ ಸೇವೆಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. 1980ರಲ್ಲಿ ವಿದ್ಯಾರ್ಥಿವೇತನಗಳಿಗಾಗಿ ಶೈಕ್ಷಣಿಕ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ಶಿಕಾಗೊದಲ್ಲಿ ಕೇಂದ್ರ ಕಛೇರಿಯನ್ನು ಹೊಂದಿರುವ ಸಂಘದ ಸದಸ್ಯತ್ವ ಇಂದು ಮೂರು ಲಕ್ಷವನ್ನು ಮೀರಿದೆ. ಕಾದಂಬರಿಗಾರ್ತಿ ಟೋನಿ ಮಾರಿಸನ್, ಗಣಿತಜ್ಞೆ ಕ್ಯಾಥರಿನ್ ಜಾನ್‌ಸನ್ ಇದರ ಸದಸ್ಯೆಯರಾಗಿದ್ದರು. ಮದರಾಸಿನ ಮೂಲದ ವಿಜ್ಞಾನಿ ಶ್ಯಾಮಲಾ ಗೋಪಾಲನ್ ಅವರ ಮಗಳು ಕಮಲಾ ಹ್ಯಾರಿಸ್ 1986ರಲ್ಲಿ ಹೊವರ್ಡಿನ ಮೂಲ ಶಾಖೆಯಲ್ಲೇ ದೀಕ್ಷೆ ಪಡೆದರು. 2021ರಿಂದ 2025ರವರೆಗೆ ಅವರು ಅಮೆರಿಕದ ಉಪರಾಷ್ಟ್ರಾಧ್ಯಕ್ಷರಾಗಿದ್ದರು.

ಮಿಸಿಸಿಪಿಯ ಕಥೆ 1942ಕ್ಕೆ ಮುಗಿಯಲಿಲ್ಲ. ಸಂಘದ ಕಾರುಗಳು ನಿಂತ ಅದೇ ವರ್ಷ ಮೌಂಡ್ ಬಾಯೂ ಪಟ್ಟಣದಲ್ಲಿ ಕಪ್ಪು ಜನರ ಪರಸ್ಪರ ಸಹಾಯ ಸಂಘವೊಂದು ‘ಟಬೋರಿಯನ್ ಆಸ್ಪತ್ರೆ’ಯನ್ನು ತೆರೆಯಿತು. ಕಾಲು ಶತಮಾನದ ನಂತರ, 1967ರಲ್ಲಿ, ಅದೇ ಪಟ್ಟಣದಲ್ಲಿ ಡಾ. ಜ್ಯಾಕ್ ಗೈಗರ್ ಮತ್ತು ಅವರ ಸಂಗಡಿಗರು ಡೆಲ್ಟಾ ಆರೋಗ್ಯ ಕೇಂದ್ರವನ್ನು ಆರಂಭಿಸಿದರು. ಅದನ್ನು ಪ್ರಾಯೋಜಿಸಿದ್ದು ಫೆರಬೀ ಅವರು ಓದಿದ್ದ ಟಫ್ಟ್ಸ್ ವಿಶ್ವವಿದ್ಯಾಲಯ. ಹಣ ಒದಗಿಸಿದ್ದು ಕ್ಲೀವ್‌ಲ್ಯಾಂಡಿನ ತರಬೇತಿ ಕೇಂದ್ರಕ್ಕೆ ಹಣ ನೀಡಿದ್ದ ಅದೇ ಬಡತನ ನಿವಾರಣಾ ಇಲಾಖೆ. ಆ ಕೇಂದ್ರದ ವೈದ್ಯರು ಹಸಿದ ಮಕ್ಕಳಿಗೆ ಔಷಧಿಯ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟರು. ಬಾವಿ ತೋಡಿಸಿದರು, ಕಕ್ಕಸುಗಳನ್ನು ಕಟ್ಟಿಸಿದರು. ಸುತ್ತಲಿನ ಬಡ ಕುಟುಂಬಗಳು ಸಹಕಾರಿ ಬೇಸಾಯದ ಸಂಘ ಕಟ್ಟಿಕೊಂಡು, ಹತ್ತಿ ಬೆಳೆಯುತ್ತಿದ್ದ ಆ ನೆಲದಲ್ಲಿ ತಮಗೆ ಬೇಕಾದ ಕಾಯಿಪಲ್ಲೆಗಳನ್ನು ತಾವೇ ಬೆಳೆದುಕೊಂಡವು.